ಬೋರ್ಡಿಲ್ಲದ ತಂತಿ

ಮೆಕಾಂಗ್ ಕಾಲುವೆ ದಂಡೆ

ಹಾನ್ ಟೀಚರ್ ಅವರಿಗೆ ನಮಸ್ಕಾರ.

ನನ್ನ ಮಗಳು ಯೆನ್‌ಳನ್ನು ಮಣ್ಣು ಮಾಡುವಾಗ "ನಾನೇ ಸರಿಯಾಗಿ ಕಲಿಸ್ಲಿಲ್ಲ" ಎಂದು ಅತ್ತಿರಿ. ಅವಳು ನಿಮ್ಮ ಕರೆಂಟಿನ ಪಾಠ ಕಲಿತಿದ್ದಳು. "ಕೆಂಪು ಮಿಂಚಿನ ಬೋರ್ಡ್ ಇದ್ರೆ ಹತ್ರ ಹೋಗ್ಬಾರ್ದು, ಅಷ್ಟೂ ಗೊತ್ತಿಲ್ವೇನಪ್ಪ ನಿಂಗೆ?" ಎಂದು ನನ್ನನ್ನೇ ಗದರಿದ್ದಳು.

ಇಲಿಗಳ ಕಾಟಕ್ಕೆ ಗದ್ದೆಯ ಸುತ್ತ ಕರೆಂಟ್ ತಂತಿ ಎಳೆದವನು ನಾನು. ಪೊಲೀಸರಿಗೆ ಗೊತ್ತಾಗುತ್ತದೆಂದು ಬೋರ್ಡ್ ನೆಡಲಿಲ್ಲ. ನಿಮ್ಮ ಮುಂದೆ ಬಾಯಿಬಿಟ್ಟಾಳೆಂದು ಅವಳಿಗೂ ಹೇಳಲಿಲ್ಲ. ಮನೆಯೊಳಗಿದ್ದಾಳೆಂದುಕೊಂಡು ಸ್ವಿಚ್ ಹಾಕಿದೆ. ಅವಳು ಬಾತುಗಳನ್ನು ಹೊಡೆದುಕೊಂಡು ಬರಲು ಬದುವಿಗೆ ಇಳಿದಿದ್ದಳು.

ನಾಳೆ ನನ್ನನ್ನು ಠಾಣೆಗೆ ಒಯ್ಯುತ್ತಾರೆ. ಈ ದಂಡೆಯಲ್ಲಿ ಇನ್ನೂ ಆರು ಗದ್ದೆಗಳಿಗೆ ತಂತಿಯಿದೆ. ಕೈಮುಗಿದು ಕೇಳಿದರೂ ಯಾರೂ ತೆಗೆಯಲಿಲ್ಲ.

ಮುಂದಿನ ಪಾಠದಲ್ಲಿ ಮಕ್ಕಳಿಗೆ ಇಷ್ಟು ಹೇಳಿಕೊಡಿ: ಅಪ್ಪ ಎಳೆದ ತಂತಿಗೆ ಬೋರ್ಡ್ ಇರುವುದಿಲ್ಲ.

ಇಂತಿ,
ಯೆನ್‌ಳ ಅಪ್ಪ ಟೊವಾನ್