ದಂಡೆಯ ಮೇಲೆ ಕಳಚಿಟ್ಟ ಅಂಗಿ

ರಾಮದುರ್ಗ
೧೫-೧೧-೧೯೭೩

ಸವದತ್ತಿಯ ಡ್ರಾಯಿಂಗ್ ಮಾಸ್ತರರೂ ನನ್ನ ಕೈಹಿಡಿದವರೂ ಆದವರ ಪಾದಗಳಿಗೆ (ಬಣ್ಣ ತೊಳೆದುಕೊಂಡಿದ್ದರೆ ಮಾತ್ರ) ಗುರವ್ವನ ಶರಣು.

ಸಿಟ್ಟು ಮಾಡಿಕೊಂಡು ನಾನು ತವರಿಗೆ ಬಂದು ಇಂದಿಗೆ ಹನ್ನೊಂದು ದಿನ. ನಿಮ್ಮ ಟ್ರಂಕಿನ ತಳದಲ್ಲಿ ಮೈಮೇಲೆ ಅರಿವೆಯಿಲ್ಲದ ಹೆಂಗಸಿನ ಚಿತ್ರ ಸಿಕ್ಕಾಗ, "ಇಕಿ ಯಾರ್ರೀ?" ಎಂದು ಕೇಳಿದೆ. ನೀವು ಕಿವಿ ಕೆಂಪಗೆ ಮಾಡಿಕೊಂಡು, "ಪರೀಕ್ಷಾಕ್ಕ ಬರದದ್ದು, ಸುಮ್ನ ಅಲ್ಲೇ ಇಡ" ಎಂದಿರಿ. ಬೆನ್ನು ತಿರುಗಿಸಿ ಕೂತವಳು, ಮುಖವಿಲ್ಲ. ಬಲ ಹೆಗಲ ಕೆಳಗೆ ಹುಣಸೆ ಬೀಜದಷ್ಟು ಸುಟ್ಟ ಕಲೆ. ಕಲೆಯನ್ನೂ ಬಿಡದೆ ನೋಡಿದ್ದೀರೆಂದ ಮೇಲೆ ಇವಳು ಪುಸ್ತಕ ನೋಡಿ ಬರೆದವಳಲ್ಲ, ಯಾರೋ ನಿಜದ ಹೆಂಗಸೇ ಎಂದು ಜಡ್ಜ್ ಸಾಹೇಬರಂತೆ ತೀರ್ಪು ಕೊಟ್ಟು, ಚಿತ್ರವನ್ನೂ ನಿಮ್ಮ ಬಣ್ಣದ ಡಬ್ಬಿಯನ್ನೂ ಜಪ್ತಿ ಮಾಡಿಕೊಂಡು ಬಸ್ಸು ಹತ್ತಿದೆ.

ಅಪ್ಪನಿಗೆ ಕಾರಣ ಹೇಳಲಿಲ್ಲ. ಏನಂತ ಹೇಳಲಿ? ಅವರು ಸೋಮವಾರ ಹಿರಿಯರನ್ನು ಕೂಡಿಸುವವರಿದ್ದಾರೆ. ನಮ್ಮ ಬಾಳ್ವೆ ಮುರಿದು ಸೋಡಚೀಟಿ ಬರೆಸಲಿಕ್ಕೂ ತಯಾರು.

ನಾನೋ, ದಿನಾ ಮಧ್ಯಾಹ್ನ ಮಲಪ್ರಭೆಯ ದಂಡೆಗೆ ಹೋಗಿ ಸೇಡು ತೀರಿಸಿಕೊಳ್ಳುತ್ತ ಕೂತೆ. ನಿಮ್ಮನ್ನೂ ಹಾಗೆಯೇ ಬತ್ತಲೆ ಬರೆಯಬೇಕು! ಆದರೆ ರಂಗೋಲಿ ಬಿಟ್ಟರೆ ಬೇರೇನೂ ಅರಿಯದ ಕೈಗೆ ಮನುಷ್ಯನ ಮೈ ಒಲಿಯಲಿಲ್ಲ. ನೀವು ಸಾಲೆಯಲ್ಲಿ ತಂಬಿಗೆ, ಬದನೆಕಾಯಿ ಎದುರಿಗಿಟ್ಟು ಹುಡುಗರಿಂದ ಬರೆಸುತ್ತೀರಲ್ಲ, ಆ ದಾರಿ ಹಿಡಿದು, ನಿಮ್ಮನ್ನು ಬಿಟ್ಟು ನಿಮ್ಮ ಸಾಮಾನಷ್ಟೇ ಬರೆದೆ. ಒಂದು ಬಂಡೆಗಲ್ಲು, ಅದರ ಮೇಲೆ ಕಾಲರು ಹರಿದ ನಿಮ್ಮ ಅಂಗಿ, ಸುತ್ತಿಟ್ಟ ಧೋತರ, ಕನ್ನಡಕ, ಸವೆದ ಸಾಬೂನು. ಮುಂದೆಲ್ಲ ನೀರು, ನೀರಿನಲ್ಲಿ ಒಂದೇ ಒಂದು ಬಳೆಯಂಥ ಅಲೆ. ನೀವು ಈಗಷ್ಟೇ ಮುಳುಗಿದ್ದೀರಿ. ಬಿಸಿಲು ಹೊಳೆಯ ಮೇಲೆ ತೂಕಡಿಸುತ್ತಿತ್ತು, ನಾನೂ ಕುಂಚ ಹಿಡಿದೇ ತೂಕಡಿಸಿದೆ. ಕಣ್ಣು ಬಿಟ್ಟರೆ ಚಿತ್ರದ ಅಂಗಿ ಮೆಲ್ಲಗೆ ಉಸಿರಾಡಿದಂತಿತ್ತು. ನೀವು ಏಳುವುದನ್ನೇ ಕಾಯುತ್ತ ಹೊತ್ತು ಮುಳುಗುವ ತನಕ ಕೂತೆ.

ಅವ್ವ ಆ ಚಿತ್ರ ನೋಡಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅಯ್ಯ ನಾಚಿಕಿಗೇಡಿ, ಅಳಿಯಾರು ಜಳಕಾ ಮಾಡೂದನ್ನ ಯಾರರ ಬರೀತಾರೇನ? ಮುಚ್ಚಿಡ ಅದನ್ನ!" ಚಿತ್ರದಲ್ಲಿ ನಿಮ್ಮ ಕಿರುಬೆರಳೂ ಇಲ್ಲ. ನಾನು ಗೆದ್ದೆನೆಂದು ಬೀಗಿದೆ.

ನಿನ್ನೆ ಸೋತೆ. ಅವ್ವ ಬೆನ್ನಿಗೆ ಎಣ್ಣೆ ತಿಕ್ಕುತ್ತ, "ಸಣ್ಣಾಕಿದ್ದಾಗ ಒಲಿಯಾಗಿನ ಕೆಂಡ ಸಿಡಿದಿತ್ತಲ್ಲ, ಆ ಕಲಿ ಇನ್ನೂ ಹಂಗ ಐತಿ ನೋಡವಾ, ಹುಣಸಿ ಬೀಜದಂಗ" ಎಂದಳು. ನಾನು ಬಚ್ಚಲಲ್ಲೇ ಎದ್ದು ನಿಂತೆ. ಇಪ್ಪತ್ತೆರಡು ವರ್ಷ ಹೊತ್ತು ತಿರುಗಿದ ಬೆನ್ನನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಹತ್ತು ದಿನ ನನಗೆ ನಾನೇ ಸವತಿಯಾಗಿದ್ದೆ.

ಆದರೂ ಕೇಳದೆ ಬರೆದದ್ದು ತಪ್ಪು. "ಇಕಿ ನೀನ" ಎನ್ನದೆ ನನ್ನನ್ನು ಬಸ್ಸು ಹತ್ತಿಸಿದ್ದು ದೊಡ್ಡ ತಪ್ಪು. ಹೆಂಡತಿಯನ್ನು ಬರೆದೆ ಎನ್ನಲು ಅಷ್ಟು ನಾಚಿಕೆಯೇ ನಿಮಗೆ?

ಇತಿ ತಮ್ಮ ಆಜ್ಞಾಧಾರಕಳು
(ಆಜ್ಞೆ ಮಾತ್ರ ನನ್ನದು)
ಗುರವ್ವ

ತಾ.ಕ.: ಸೊಂಟದ ಮೇಲೆ ಎಡಕ್ಕೆ ನನಗೊಂದು ಮಚ್ಚೆಯೂ ಇದೆಯಂತೆ, ಅವ್ವ ಹೇಳಿದಳು. ನಿಮ್ಮ ಚಿತ್ರದಲ್ಲಿ ಅದಿಲ್ಲ. ಕದ್ದು ನೋಡಿ ನೆನಪಿನಿಂದ ಬರೆದರೆ ಹೀಗೇ. ಹಿರಿಯರು ಕೂಡುವ ಮೊದಲೇ, ಭಾನುವಾರದ ಬಸ್ಸಿಗೆ ಬರುತ್ತೇನೆ. ಈ ಸಲ ಎದುರಿಗೆ ಕೂಡಿಸಿಕೊಂಡು ಬರೆಯಿರಿ.