ನೂರಾ ಹದಿನಾಲ್ಕನೆಯ ಹೆಸರು

ಶಿರಸಿ
ತಾ. ೨೪-೧೧-೧೯೬೧, ಶುಕ್ರವಾರ

ಚಿರಂಜೀವಿ ಚಂದ್ರಶೇಖರನಿಗೆ,

ನಿನ್ನ ಅಪ್ಪ ಅಂದಾನಪ್ಪ ಮಾಡುವ ಆಶೀರ್ವಾದ. ಮೂರು ವರ್ಷದ ಮೇಲೆ ಬರೆಯುತ್ತಿರುವ ಮೊದಲ ಕಾಗದ ಇದು. ಅಕ್ಷರ ಗುರುತು ಸಿಕ್ಕ ಕೂಡಲೆ ಹರಿದು ಹಾಕಬೇಡ. ನಿನ್ನ ಆರೋಗ್ಯ ಹೇಗಿದೆ? ಚಳಿ ಬಿತ್ತೆಂದರೆ ನಿನಗೆ ಮೊದಲಿನಿಂದಲೂ ಕೆಮ್ಮು. ಅಂಗಡಿಯ ಹಲಗೆಯ ಮೇಲೆಯೇ ಮಲಗುತ್ತೀಯಂತೆ, ಕೆಳಗೆ ಒಂದು ಗೋಣಿಯನ್ನಾದರೂ ಹಾಸಿಕೋ. ಇದೆಲ್ಲ ನನಗೆ ಹೇಗೆ ಗೊತ್ತಾಯಿತೆಂದು ಸಿಟ್ಟಾಗಬೇಡ. ನಮ್ಮ ಮುನ್ಸಿಪಾಲಿಟಿಯ ಡಂಗುರದ ಶಾಂತಾರಾಮ ಕಳೆದ ವಾರ ತನ್ನ ಅಕ್ಕನ ಮನೆಗೆಂದು ಯಲ್ಲಾಪುರಕ್ಕೆ ಬಂದಾಗ ಸೈಕಲ್ ಅಂಗಡಿಯಲ್ಲಿ ನಿನ್ನನ್ನು ಕಂಡು ಮಾತಾಡಿಸಿದನಲ್ಲ, ಅವನೇ ಹೇಳಿದ. "ಅವ್ವಂಗೆ ಹೇಳೂದಿಲ್ಲ ಅಂತ ಆಣೆ ಮಾಡಿದ್ದು ಹೌದು. ನಿಮಗೆ ಹೇಳೂದಿಲ್ಲ ಅಂದಿಲ್ಲ ನೋಡಿ" ಎಂದು ತನ್ನ ಆಣೆಯಿಂದ ತಾನೇ ಪಾರಾದ. ನಾನೂ ಅವಳಿಗೆ ಹೇಳಿಲ್ಲ. ಹೇಳಿದರೆ ಬಸ್ಸಿಗೂ ಕಾಯದೆ ನಡೆದೇ ಬಂದಾಳು. ಮೊಣಕಾಲು ನೋವು ಹೆಚ್ಚಾಗಿ ಈಗ ಅವಳಿಗೆ ಹೊಸ್ತಿಲು ದಾಟುವುದೇ ಕಷ್ಟ, ಆದರೂ ಬಂದಾಳು. ನನ್ನ ಮೈಗೇನೂ ಆಗಿಲ್ಲ. ಕನ್ನಡಕದ ನಂಬರು ಬದಲಾಗಿದೆ, ಅಷ್ಟೇ.

ಊರ ಸುದ್ದಿ ಎಂದರೆ ನನ್ನಂಥ ಕಾರಕೂನನಿಗೆ ಕಚೇರಿಯ ಸುದ್ದಿಯೇ. ನಿನ್ನ ಅವ್ವ ಇದಕ್ಕೇ ಬೈಯುವುದು, ಈ ಕಾಗದದ ವಿಷಯ ಗೊತ್ತಿದ್ದರೆ ಇದರಲ್ಲೂ ಅದನ್ನೇ ತುಂಬಿದ್ದೀರಾ ಎನ್ನುತ್ತಿದ್ದಳು. ನಮ್ಮ ಓಣಿಯ ಮೂಲೆಗೆ ಬೀದಿ ನಳ ಬಂದಿದೆ. ಬೆಳಿಗ್ಗೆ ಒಂದು ತಾಸು ನೀರು, ಆ ಒಂದು ತಾಸು ಹೆಂಗಸರ ಜಗಳ. ಮನೆಮನೆಗೂ ತಗಡಿನ ನಂಬರು ಹೊಡೆದಿದ್ದೇವೆ, ನಮ್ಮದು ನಲವತ್ತೊಂದು. ಬಸ್‌ಸ್ಟ್ಯಾಂಡಿನ ಎದುರಿನ ಗಟಾರಕ್ಕೆ ಕಲ್ಲು ಹಾಸಿ ಮುಗಿದಿದೆ. ಯಾವ ಗಟಾರ ಎಂದು ನಿನಗೆ ಹೇಳಬೇಕಾಗಿಲ್ಲ. ನಿನ್ನ ಸೈಕಲ್ ರಿಪೇರಿಯ ಹಲಗೆ ಅಂಗಡಿ ಇದ್ದ ಜಾಗದಲ್ಲಿ ಈಗ ಏನೂ ಇಲ್ಲ, ಬಿಸಿಲಿಗೆ ಕಾದ ಕಲ್ಲು ಅಷ್ಟೇ. ದಿನಾ ಕಚೇರಿಗೆ ಹೋಗುವಾಗ ನಾನು ಈಗ ಆ ದಾರಿ ಹಿಡಿಯುವುದಿಲ್ಲ, ಸುತ್ತು ಹಾಕಿ ಹೋಗುತ್ತೇನೆ.

ಇದನ್ನು ಒಂದು ಸಲ ಬರೆದುಬಿಡುತ್ತೇನೆ. ಆಗ ಗಟಾರಕ್ಕಾಗಿ ಹನ್ನೊಂದು ಅಂಗಡಿಗಳಿಗೆ ನೋಟೀಸು ಕೊಟ್ಟಾಗ ಎಂಟು ದಿವಸದ ವಾಯಿದೆ ಇತ್ತು. ಹತ್ತು ಜನ ಎಂಟೂ ದಿವಸ ವ್ಯಾಪಾರ ಮಾಡಿ, ಬೇರೆ ಜಾಗ ನೋಡಿಕೊಂಡು, ಸಾಮಾನು ಎತ್ತಿದರು. ನಿನ್ನದನ್ನು ನಾನು ಮೊದಲ ದಿವಸವೇ, ಜನ ನೋಡುತ್ತಿದ್ದಂತೆ ನಿಂತು ಕೀಳಿಸಿದೆ. ಅಂದಾನಪ್ಪ ಮಗನಿಗೂ ರಿಯಾಯಿತಿ ಕೊಡುವವನಲ್ಲ ಎಂದು ಊರು ಅನ್ನಬೇಕಾಗಿತ್ತು ನನಗೆ. ಊರೇನೋ ಅಂದಿತು. ನೀನು ಪಂಪು ಮತ್ತು ಸ್ಪ್ಯಾನರುಗಳ ಚೀಲ ಹೆಗಲಿಗೆ ಹಾಕಿಕೊಂಡು, "ನಿನಗ ಕಚೇರಿನೇ ಮಗ ಅಪ್ಪಾ, ನಾ ಅಲ್ಲ" ಎಂದು ಹೋದೆ. ಹತ್ತೊಂಬತ್ತರ ಹುಡುಗ, ನಾಲ್ಕು ದಿವಸದಲ್ಲಿ ಬರುತ್ತಾನೆ ಎಂದು ನಿನ್ನ ಅವ್ವನಿಗೆ ಧೈರ್ಯ ಹೇಳಿದ್ದೆ. ತಪ್ಪು ನನ್ನದು. ಬಾಯಲ್ಲಿ ಹೇಳಲಾರದ್ದನ್ನು ಕಾಗದದಲ್ಲಿ ಬರೆಯಬಹುದೆಂದು ಈಗ ಗೊತ್ತಾಗುತ್ತಿದೆ.

ಇನ್ನು ವಿಷಯ ಕೇಳು. ಮುನ್ಸಿಪಾಲಿಟಿ ಚುನಾವಣೆ ಬಂತು. ನಮ್ಮ ವಾರ್ಡಿನ ಮತದಾರರ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಿತ್ತು. ಮನೆಮನೆಗೆ ಹೋಗಿ ಇಪ್ಪತ್ತೊಂದು ತುಂಬಿದವರ ಹೆಸರು ಸೇರಿಸಬೇಕು. ಸತ್ತವರದು, ಊರು ಬಿಟ್ಟವರದು ಹೊಡೆಯಬೇಕು. ನನ್ನ ಸ್ವಭಾವ ನಿನಗೆ ಗೊತ್ತು, ಹೊಡೆಯುವುದರಲ್ಲಿ ನನ್ನ ಕೈ ಧಾರಾಳ. ಕಿರಾಣಿ ಶಂಕ್ರಪ್ಪನ ತಾಯಿ ಪಾರ್ವತವ್ವ ಬನವಾಸಿಯಲ್ಲಿ ಮಗಳ ಮನೆ ಸೇರಿ ವರ್ಷವಾಗಿತ್ತೆಂದು ಅವಳ ಹೆಸರಿಗೆ ಗೀಟು ಎಳೆದೆ. ಸುದ್ದಿ ಮುಟ್ಟಿ ಮುದುಕಿ ಗಾಡಿ ಕಟ್ಟಿಸಿಕೊಂಡು ಬಂದು ನಮ್ಮ ಕಟ್ಟೆಯ ಮುಂದೆ ನಿಂತಿತು. "ನಾ ಇನ್ನೂ ಉಸಿರಾಡಾಕತ್ತೇನಿ, ನೋಡೋ ಅಂದಾನಪ್ಪಾ. ಯಾರನ್ನ ಕೇಳಿ ನನ್ನ ಅಳಿಸಿದಿ?" ಎಂದು ಕಣ್ಣೀರು ಹಾಕಿತು. ವಾಸ ಎಲ್ಲಿಯೋ ಮತ ಅಲ್ಲಿ ಎಂದು ನಾನು ಕಾಯಿದೆ ಹೇಳಿ ಕಳಿಸಿದೆ. ಅದೇ ಸಂಜೆ ನಲವತ್ತೊಂದನೆಯ ನಂಬರಿನ ಮನೆ ಬಂತು. ನನ್ನ ಹೆಸರು ಬರೆದೆ, ನೂರಾ ಹನ್ನೆರಡು. ನಿನ್ನ ಅವ್ವ ಮುರಿಗೆವ್ವನದು ನೂರಾ ಹದಿಮೂರು. ಅವಳು ಒಲೆಯ ಮುಂದಿನಿಂದ ನನ್ನ ಕೈಯನ್ನೇ ನೋಡುತ್ತಿದ್ದಳು. ನೂರಾ ಹದಿನಾಲ್ಕು, ಚಂದ್ರಶೇಖರಪ್ಪ ತಂದೆ ಅಂದಾನಪ್ಪ, ವಯಸ್ಸು ಇಪ್ಪತ್ತೆರಡು, ವಾಸ ಇದೇ ಮನೆ ಎಂದು ಬರೆದುಬಿಟ್ಟೆ. ಇಪ್ಪತ್ತಾರು ವರ್ಷದ ಚಾಕರಿಯಲ್ಲಿ ನಾನು ಬರೆದ ಸುಳ್ಳು ಅದೊಂದೇ. ಓದಿ ಹೇಳಿದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುವಾರ ಶಾಂತಾರಾಮ ಓಣಿಯಲ್ಲಿ ಡಂಗುರ ಹೊಡೆಯುತ್ತ ಬಂದ. ಅವನ ಗಂಟಲು ನಿನಗೆ ನೆನಪಿರಬೇಕು. "ಪಟ್ಟಿಯಾಗೆ ಹೆಸರಿದ್ದವರು ಎಲ್ಲಿದ್ರೂ ಸೈ, ತಪ್ಪದೆ ಬಂದು ಮತ ಹಾಕತಕ್ಕದ್ದು" ಎಂದು ಸಾರಿದ. ಎಲ್ಲಿದ್ದರೂ ಸೈ ಎನ್ನುವುದು ನಮ್ಮ ಕಾಗದದಲ್ಲಿ ಇರಲಿಲ್ಲ, ಅವನು ಹುರುಪಿಗೆ ಸೇರಿಸಿಕೊಂಡದ್ದು. ನಿನ್ನ ಅವ್ವ ಅದನ್ನು ಸರಕಾರದ ಹುಕುಂ ಎಂದೇ ಹಿಡಿದುಕೊಂಡಳು. ಡಂಗುರ ಸಾರಿದ ಮೇಲೆ ಬಾರದೆ ಇರಲು ಯಾರಿಗಾದರೂ ಆಗುತ್ತದೆಯೇ ಎಂಬುದು ಅವಳ ಮಾತು. ಆಗಲೇ ನಾನು ಬಿಡಿಸಿ ಹೇಳಬೇಕಾಗಿತ್ತು. ಅವಳ ಮುಖ ನೋಡಿ ಸುಮ್ಮನಾದೆ. ಅಂದಿನಿಂದ ಮೂರು ದಿವಸಕ್ಕೊಮ್ಮೆ ಕೋಲು ಊರಿಕೊಂಡು ಕಚೇರಿಗೆ ಬರುತ್ತಾಳೆ. ಓದು ಬಾರದವಳು ಶಾಂತಾರಾಮನಿಂದ ಗುರುತು ಮಾಡಿಸಿಕೊಂಡು, ಹಲಗೆಗೆ ಅಂಟಿಸಿದ ಪಟ್ಟಿಯಲ್ಲಿ ಮೊದಲು ನನ್ನದು, ಆಮೇಲೆ ತನ್ನದು, ಅದರ ಕೆಳಗೆ ನಿನ್ನ ಹೆಸರಿನ ಮೇಲೆ ಬೆರಳಿಟ್ಟು ನೋಡಿ ಹೋಗುತ್ತಾಳೆ. ನಿನ್ನ ಹಾಸಿಗೆ ಬಿಸಿಲಿಗೆ ಬಿದ್ದಿದೆ. ಪಕ್ಕದ ಮನೆಯ ನೀಲಗಂಗವ್ವನಿಗೆ, "ಎಲೆಕ್ಷನ್ನಿಗೆ ನಮ್ಮ ಚಂದ್ರೂ ಬರ್ತಾನವ್ವ" ಎಂದು ದಿನಾ ಹೇಳುವುದೇ ಹೇಳುವುದು.

ಶಂಕ್ರಪ್ಪ ಬಿಡುತ್ತಾನೆಯೇ? ತಕರಾರು ಅರ್ಜಿ ಕೊಟ್ಟ. ಈ ತಿಂಗಳ ಏಳನೇ ತಾರೀಖು ನಮ್ಮ ಕಚೇರಿಯ ಸಾಹೇಬರ ಮುಂದೆ ವಿಚಾರಣೆ. "ನಮ್ಮವ್ವ ವರ್ಷ ಊರಾಗಿಲ್ಲ ಅಂತ ಹೊಡದ್ರಿ. ಇವರ ಮಗ ಮೂರು ವರ್ಷ ಆತು, ಅವಂದು ಹೆಂಗ ಉಳೀತ್ರಿ?" ಎಂದ. ನ್ಯಾಯವಾದ ಮಾತು. ಸಾಹೇಬರು ನನ್ನ ಕಡೆ ತಿರುಗಿ ಮಗ ಎಲ್ಲಿದ್ದಾನೆ ಎಂದು ಕೇಳಿದರು. ಆಗ ನೀನು ಯಲ್ಲಾಪುರದಲ್ಲಿರುವುದೂ ನನಗೆ ಗೊತ್ತಿರಲಿಲ್ಲ. ಹತ್ತಾರು ಜನರ ಎದುರು, ಎಲ್ಲಿದ್ದಾನೋ ತಿಳಿಯದು ಎಂದೆ. ಅದನ್ನು ಕೇಳಿ ಶಂಕ್ರಪ್ಪನೇ ಮೆತ್ತಗಾಗಿ, "ಇರಲಿ ಬಿಡ್ರಿ ಸಾಹೇಬ್ರ, ನನ್ನ ಅರ್ಜಿ ನಾ ವಾಪಸ್ ತಗೋತೇನಿ. ಒಂದು ಹೆಸರಿನಾಗ ಏನ್ ಹೋಗ್ತೈತಿ" ಎಂದುಬಿಟ್ಟ. ಸಾಹೇಬರೂ ಕಾಗದ ಮಡಿಚಿ ಪಕ್ಕಕ್ಕಿಡುವವರಿದ್ದರು. ಸುಮ್ಮನಿದ್ದರೆ ನಿನ್ನ ಹೆಸರು ಉಳಿಯುತ್ತಿತ್ತು, ಚಂದ್ರೂ. ನನ್ನಿಂದ ಸುಮ್ಮನಿರಲಾಗಲಿಲ್ಲ. ಪಾರ್ವತವ್ವನಿಗೊಂದು ನನ್ನ ಮಗನಿಗೊಂದು ಆಗಬಾರದು ಎಂದು ಎದ್ದು, ಮೇಜಿನ ಮೇಲಿನ ಕೆಂಪು ಶಾಯಿ ತೆಗೆದುಕೊಂಡು ನಾನೇ ಗೀಟು ಎಳೆದೆ. ಅಂಗಡಿ ಕೀಳಿಸಿದಾಗ ನಾನು ಹಿಂದೆಮುಂದೆ ನೋಡಿರಲಿಲ್ಲ. ಈ ಸಲ ಗೀಟು ಸೊಟ್ಟಗಾಯಿತು.

ನಿನ್ನ ಅವ್ವನಿಗೆ ಇದು ಗೊತ್ತಿಲ್ಲ. ಹೊಸದಾಗಿ ಬರೆದ ಪಟ್ಟಿಯನ್ನು ಹಲಗೆಗೆ ಅಂಟಿಸಿದ್ದಾರೆ, ಅದರಲ್ಲಿ ನೂರಾ ಹದಿನಾಲ್ಕು ನೀಲಗಂಗವ್ವ. ಮೊನ್ನೆಯೂ ನಿನ್ನ ಅವ್ವ ಬಂದು ಅದೇ ಜಾಗಕ್ಕೆ ಬೆರಳಿಟ್ಟು, ನನ್ನ ಕಡೆ ನೋಡಿ ನಕ್ಕು ಹೋದಳು. ನಾನು ಮೇಜಿನ ಮೇಲಿನ ಕಾಗದ ಹೊರಳಿಸುತ್ತ ಕುಳಿತೆ. ಶಾಂತಾರಾಮ ಎದ್ದು ಹೊರಗೆ ಹೋದ.

ಮತ್ತೇನು ಬರೆಯಲಿ? ಉಣ್ಣುವುದಕ್ಕೆ ಹೊತ್ತು ಗೊತ್ತು ಇಟ್ಟುಕೋ. ನಿನ್ನ ಕೈಯ ಕೆಲಸ ಅಚ್ಚುಕಟ್ಟಾಗಿದೆ, ಯಲ್ಲಾಪುರದ ಮಾಸ್ತರರೆಲ್ಲ ಸೈಕಲ್ಲನ್ನು ನಿನ್ನ ಹತ್ತಿರವೇ ತರುತ್ತಾರೆ ಎಂದು ಶಾಂತಾರಾಮ ಹೇಳಿದ. ಕೇಳಿ ಹೆಮ್ಮೆಯಾಯಿತು. ಬಸವಣ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಇಂತು ನಿನ್ನ ಒಳಿತನ್ನೇ ಬಯಸುವ
ಅಪ್ಪ, ಅಂದಾನಪ್ಪ

ತಾ.ಕ. ಟಪಾಲು ಎತ್ತುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮತದಾನ ಡಿಸೆಂಬರ್ ಹತ್ತು, ರವಿವಾರ, ನಮ್ಮ ಓಣಿಯ ಕನ್ನಡ ಶಾಲೆಯಲ್ಲಿ. ನಿನ್ನ ಅವ್ವ ಬೆಳಿಗ್ಗೆಯಿಂದ ಶಾಲೆಯ ಗೇಟಿನ ಹತ್ತಿರ ನಿಲ್ಲುವವಳಿದ್ದಾಳೆ. ಮೊದಲ ಬಸ್ಸಿಗೆ ಬಾ. ಒಳಗೆ ಹೋಗಬೇಡ, ಹೆಸರಿಲ್ಲದವನಿಗೆ ಚೀಟಿ ಕೊಡುವುದಿಲ್ಲ. ಶಾಲೆಯ ಹಿಂದಿನಿಂದ ಸುತ್ತಿ, ಮತ ಹಾಕಿ ಹೊರಬಂದವನ ಹಾಗೆ ಅವಳೆದುರು ನಿಲ್ಲು, ಕೇಳಿದರೆ ಮತ ಹಾಕಿದೆ ಎಂದುಬಿಡು. ಸುಳ್ಳು ಹೇಳು ಎಂದು ನಾನು ಈವರೆಗೆ ಯಾರಿಗೂ ಹೇಳಿದವನಲ್ಲ. ನನ್ನ ಮುಖ ನೋಡಬೇಕೆಂದಿಲ್ಲ, ನಾನು ದಿನವಿಡೀ ಒಳಗೆ ಕೆಲಸದ ಮೇಲಿರುತ್ತೇನೆ. ನೀನು ಬಾರದೆ ಹೋದರೆ, ಸಂಜೆ ಶಾಲೆಯ ಬಾಗಿಲು ಹಾಕಿದ ಮೇಲೆ ಅವಳ ಹತ್ತಿರ ಹೋಗಿ, ಹೆಸರು ನಾನೇ ಹೊಡೆದೆ, ಅದಕ್ಕೇ ಹುಡುಗ ಬರಲಿಲ್ಲ ಎಂದು ಹೇಳುತ್ತೇನೆ. ಹೆಸರಿದ್ದೂ ಮಗ ಬರಲಿಲ್ಲ ಎಂದುಕೊಳ್ಳುವುದಕ್ಕಿಂತ ಅವಳಿಗೆ ಅದು ಹಗುರ. ನನ್ನ ಮೇಲೆ ಸಿಟ್ಟು ಮಾಡಿ ಅವಳಿಗೆ ರೂಢಿ ಇದೆ.