ಖಾಲಿ ಮನೆಗಳೊಂದಿಗೆ ಪೈಪೋಟಿ

ವಿದ್ಯುತ್ ಕಂಪನಿಯ ಉಳಿತಾಯ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ತಿಂಗಳಿಗೊಮ್ಮೆ ಕಳಿಸುವ, ವಿದ್ಯುತ್ ಬಳಕೆಯ ಹೋಲಿಕೆ ಪತ್ರ ನನ್ನ ಗಂಡನ ಜೀವ ತೆಗೆಯುತ್ತಿದೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ. ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಮೊದಲೇ ಮುದ್ರಿಸಿಟ್ಟ ದನಿಯೊಂದು ವಿದ್ಯುತ್ ಉಳಿಸಿದ್ದಕ್ಕೆ ಧನ್ಯವಾದ ಹೇಳಿ ಸುಮ್ಮನಾಗುತ್ತದೆ. ಆದ್ದರಿಂದ ಊರಿನ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಪತ್ರವನ್ನು ನೀವೇ ಮರೆತಿರಬಹುದು, ನೆನಪಿಸುತ್ತೇನೆ. ಮೇಲೆ ‘ನಿಮ್ಮ ಮಿತವ್ಯಯಿ ನೆರೆಹೊರೆ’ ಎಂಬ ಗಿಡ್ಡ ಹಸಿರು ಪಟ್ಟಿ. ಕೆಳಗೆ ‘ನೀವು’ ಎಂಬ ಉದ್ದನೆಯ ಕೆಂಪು ಪಟ್ಟಿ, ಪಕ್ಕದಲ್ಲೊಂದು ಜೋಲು ಮೋರೆ. ದೊಡ್ಡವರಿಗೆ ಹೀಗೆ ಅಂಕ ಹಾಕುವ ಅಧಿಕಾರವನ್ನು ನಿಮಗೆ ಯಾರು ಕೊಟ್ಟರು?

ಉತ್ತರ ಡಕೋಟದ ನಮ್ಮ ಊರಿನ ಗಂಡಸರನ್ನು ನೀವು ಬಲ್ಲಿರಿ. ಚಳಿಗಾಲ ಹತ್ತಿರವಾದಾಗ ಚರ್ಚಿನ ಕಾಫಿಗೆ ಸೇರಿದರೆ ಅವರದು ಒಂದೇ ಮಾತು: ಮನೆ ಬಿಸಿ ಮಾಡುವ ಫರ್ನೇಸನ್ನು ಯಾರು ಇನ್ನೂ ಹೊತ್ತಿಸಿಲ್ಲ? ನನ್ನ ಗಂಡ ಆರ್ವಿಡ್ ವರ್ಷ ವರ್ಷವೂ ಗೆಲ್ಲುತ್ತಿದ್ದ. ಎರಡು ಸ್ವೆಟರ್ ತೊಟ್ಟು, ಅಡುಗೆಮನೆಯಲ್ಲೇ ಬಾಯಿಂದ ಹಬೆ ಬಿಡುತ್ತಾ ಗೆಲ್ಲುತ್ತಿದ್ದ. ಈಗ ಅವನ ಶ್ವಾಸಕೋಶ ಕೆಟ್ಟಿದೆ. ಧಾನ್ಯದ ಉಗ್ರಾಣದಲ್ಲಿ ದುಡಿದು ಧೂಳು ಕುಡಿದ ಎದೆ ಅದು. ಆಮ್ಲಜನಕ ಕೊಡುವ ಯಂತ್ರ ಹಗಲಿರುಳೂ ಓಡಬೇಕು, ಮನೆ ಬೆಚ್ಚಗಿರಬೇಕು. ನಿಮ್ಮ ಕೆಂಪು ಪಟ್ಟಿ ಎಂದರೆ ಅವನ ಉಸಿರು, ಸ್ವಾಮಿ.

ಮೊದಲ ಪತ್ರ ಬಂದಾಗ ಅವನು, “ಬೀದೀಗೆಲ್ಲಾ ನಾವೇ ದುಂದುಗಾರ್ರಂತೆ ಸಿಗ್ನೆ. ಇನ್ನು ಕಾಫಿಗೆ ಹೋಗಿ ಹೆಂಗೆ ಮುಖ ತೋರ್ಸೋದು?” ಎಂದ. ನಾನು ನಕ್ಕುಬಿಟ್ಟೆ. ನಾನು ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೊರಟ ಕೂಡಲೇ ಅವನು ಯಂತ್ರ ಆರಿಸಿ, ನನ್ನ ಕಾರಿನ ಸದ್ದು ಕೇಳಿದಾಗ ಹಾಕುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಕಾರು ಜಪ್ಪಯ್ಯ ಎಂದರೂ ಹೊರಡಲಿಲ್ಲ. ಚಳಿಗೆ ಎಂಜಿನ್ ಹೆಪ್ಪುಗಟ್ಟದಂತೆ ರಾತ್ರಿಯಿಡೀ ಬೆಚ್ಚಗಿಡುವ ಹೀಟರಿನ ಪ್ಲಗ್ಗನ್ನೂ ಆರ್ವಿಡ್ ಕಿತ್ತಿದ್ದ. ಕಾರಿನ ಹೀಟರಿಗೆ ಹೋಗುವ ವಿದ್ಯುತ್ತನ್ನೂ ಉಳಿಸಿ ಎಂಬುದು ನಿಮ್ಮದೇ ಪತ್ರದ ಸಲಹೆ. ನಮ್ಮ ಚಳಿಯನ್ನು ನಿಮ್ಮ ಸಲಹೆಗಾರರು ಯಾವ ಊರಿನಲ್ಲಿ ಕೂತು ಊಹಿಸಿದರೋ ಕಾಣೆ. ಗ್ಯಾರೇಜಿನಲ್ಲಿ ಬಹಳ ಹೊತ್ತು ಹೆಣಗಾಡಿ ಒಳಗೆ ಬಂದರೆ ಯಂತ್ರ ಮೌನವಾಗಿತ್ತು. ಆರ್ವಿಡ್ ಕುರ್ಚಿಯಲ್ಲಿ ತುಟಿ ನೀಲಿಗಟ್ಟಿ ಒರಗಿದ್ದ. ಯಂತ್ರ ಹಾಕಿದೆ, ಆದರೂ ಅವನು ಕಣ್ಣು ಬಿಡಲಿಲ್ಲ. ಆಂಬುಲೆನ್ಸ್ ಪಕ್ಕದ ಊರಿನಿಂದ ಬರಬೇಕು. ಆಸ್ಪತ್ರೆಗೆ ಒಯ್ದವನು ಪಕ್ಕದ ಮನೆಯ ಡ್ವೇನ್. ಅವನು ದಿನವೂ ಪಿಕಪ್ಪಿನ ಎಂಜಿನ್ ಸುಮ್ಮನೆ ಓಡಿಸಿ ಬಿಸಿ ಮಾಡುವ ದುಂದುಗಾರ, ನಾವೆಲ್ಲ ಆಡಿಕೊಂಡು ನಗುತ್ತಿದ್ದವನು. ಅಂದು ಬೀದಿಯಲ್ಲಿ ಹೊರಡಲು ಸಿದ್ಧವಾಗಿದ್ದದ್ದು ಅವನ ಗಾಡಿಯೊಂದೇ.

ಆರ್ವಿಡ್ ಆಸ್ಪತ್ರೆಯಲ್ಲಿದ್ದಾಗ ನಿಮ್ಮ ಪತ್ರ ಹಿಡಿದು ಬೀದಿಯ ಉದ್ದಕ್ಕೂ ನಡೆದೆ. ಆ ಮಿತವ್ಯಯಿ ನೆರೆಹೊರೆಯವರನ್ನು ಕಣ್ಣಾರೆ ಕಾಣುವ ಆಸೆ. ಒಂದು ಬಾಗಿಲೂ ತೆರೆಯಲಿಲ್ಲ, ಮೆಟ್ಟಿಲ ಹಿಮದ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ. ಡ್ವೇನ್ ಮತ್ತು ನಮ್ಮನ್ನು ಬಿಟ್ಟರೆ ಉಳಿದವರೆಲ್ಲ ಪ್ರತಿ ಚಳಿಗಾಲದಂತೆ ಅರಿಜೋನಾದ ಬಿಸಿಲಿಗೆ ಹೋಗಿದ್ದಾರೆ. ನೀರಿನ ಕೊಳವೆ ಹೆಪ್ಪುಗಟ್ಟದಷ್ಟು ಶಾಖ ಇಟ್ಟು ಬೀಗ ಹಾಕಿದ್ದಾರೆ. ಉಸಿರಾಡುವವರೇ ಇಲ್ಲದ ಮನೆಗಳಿಗೆ ಹಸಿರು ಪಟ್ಟಿ ಕೊಟ್ಟು, ಉಸಿರಿಗಾಗಿ ಒದ್ದಾಡುವವನನ್ನು ಅವುಗಳ ಜೊತೆ ಪೈಪೋಟಿಗೆ ಇಳಿಸಿದ್ದೀರಿ. ನಿಮಗೆ ನಾಚಿಕೆಯಾಗುವುದಿಲ್ಲವೇ?

ಆರ್ವಿಡ್ ಮನೆಗೆ ಮರಳಿದ ಮೇಲೆ ಇದೆಲ್ಲವನ್ನೂ ಹೇಳಿದೆ, ಡಾಕ್ಟರೂ ಗದರಿದರು. ಕಂಪನಿಯವರು ಅಚ್ಚು ಹಾಕಿಸಿ ಸುಳ್ಳು ಹೇಳುತ್ತಾರೆಯೇ ಎಂಬುದು ಅವನ ವಾದ. ಅವನ ಔಷಧದ ವಿಮೆ ಬರುವುದು ನನ್ನ ಕೆಲಸದಿಂದ, ಬಿಡುವಂತಿಲ್ಲ. ಹಾಗಾಗಿ ಮಧ್ಯಾಹ್ನ ಮನೆಗೆ ಫೋನ್ ಮಾಡಿ, ಅವನ ಮಾತಿನ ಹಿಂದೆ ಯಂತ್ರದ ಸದ್ದಿಗಾಗಿ ಕಿವಿಗೊಡುತ್ತೇನೆ. ನಿನ್ನೆ ಅದು ಕೇಳಿಸಲಿಲ್ಲ.

“ಸ್ವಲ್ಪ ಹೊತ್ತು ಆರ್ಸಿದೀನಿ ಅಷ್ಟೇ,” ಎಂದ, ಏದುಸಿರು ಬಿಡುತ್ತಾ. “ಈ ತಿಂಗ್ಳು ನೋಡ್ತಿರು, ನಮ್ದೂ ಹಸಿರು ಬರುತ್ತೆ.”

ನನಗೆ ರಿಯಾಯಿತಿ ಬೇಡ, ಕ್ಷಮಾಪಣೆಯೂ ಬೇಡ. ಮುಂದಿನ ಪತ್ರವನ್ನು ಆರ್ವಿಡ್ ಹೆಸರಿಗೇ ಕಳಿಸಿ. ಹಸಿರು ಪಟ್ಟಿ ಇರಲಿ, ನಗುಮೊಗ ಇರಲಿ, ಬೀದಿಗೆಲ್ಲ ನೀವೇ ಮೊದಲಿಗರು ಎಂದು ಅಚ್ಚು ಹಾಕಿಸಿ. ಸುಳ್ಳು ಬರೆಯಲು ಬರುವುದಿಲ್ಲ ಎನ್ನಬೇಡಿ, ಚಳಿಗಾಲವಿಡೀ ಬರೆದಿದ್ದೀರಿ. ಅವನು ನನ್ನ ಮಾತು ಕೇಳುವುದಿಲ್ಲ, ನಿಮ್ಮದನ್ನು ಕೇಳುತ್ತಾನೆ. ಗೆದ್ದೆನೆಂದು ಗೊತ್ತಾದರೆ ಯಂತ್ರ ಹಾಕಿಕೊಂಡಾನು.

ಇಂತಿ,
ನಮ್ಮ ನಿಜವಾದ ಕೆಂಪು ಪಟ್ಟಿ ಇನ್ನಷ್ಟು ಉದ್ದವಾಗಲೆಂದು ಬೇಡುವ
ಸಿಗ್ನೆ ಹಾಲ್ವರ್‌ಸನ್